‘ರೀ’ ಪದ ಬಿಡಿಸುವ ಬಗೆ: ಹಳೆ ಐರಿಷ್ ಓದುವ ಕನ್ನಡಿಗರಿಗೆ

ದಾವಣಗೆರೆಯಲ್ಲಿ ಮಾತಿಗೊಮ್ಮೆ ಬರುವ ‘ಏನ್ರೀ’, ‘ಬರ್ರೀ’ಗೂ ಐರ್ಲೆಂಡಿನ ಪ್ರಾಚೀನ ನುಡಿಯಾದ ಹಳೆ ಐರಿಷ್‌ನ ‘ರೀ’ಗೂ ನಂಟಿಲ್ಲ. ಅಲ್ಲಿ ‘ರೀ’ ಅಂದರೆ ರಾಜ. ಸಂಸ್ಕೃತದ ‘ರಾಜನ್’, ಲ್ಯಾಟಿನ್ನಿನ ‘ರೇಕ್ಸ್’ ಅದರ ದಾಯಾದಿಗಳು. ಸದ್ದು ಹೋಲುತ್ತದೆಂದು ನಂಟು ಕಟ್ಟಬೇಡಿ, ನಿಯಮ ನೋಡಿ: ಇವೆಲ್ಲದರ ಮೂಲನುಡಿಯ ‘ಏ’, ಐರಿಷ್ ಸೇರಿದ ಕೆಲ್ಟಿಕ್ ಭಾಷಾಗುಂಪಿನಲ್ಲಿ ‘ಈ’ ಆಗುತ್ತದೆ. ಲ್ಯಾಟಿನ್ನಿನ ‘ವೇರುಸ್’ಗೆ (ನಿಜ) ಐರಿಷ್‌ನಲ್ಲಿ ‘ಫೀರ್’ ದಾಯಾದಿಯಾಗಿರುವುದೂ ಹೀಗೆಯೇ.

ನಿಘಂಟಿಗೆ ಇ-ಡಿಲ್ (eDIL, ಐರಿಷ್ ಭಾಷೆಯ ವಿದ್ಯುನ್ಮಾನ ನಿಘಂಟು) ಸಾಕು, ಅಂತರ್ಜಾಲದಲ್ಲಿ ಉಚಿತ. ಅಲ್ಲಿ ಪದ ಪ್ರಥಮಾ ಏಕವಚನದಲ್ಲಿರುತ್ತದೆ, ಪಠ್ಯದಲ್ಲಿ ಸಿಗುವುದು ಹೆಚ್ಚಾಗಿ ‘ರೀಗ್’. ತೊಡಕು ಇಲ್ಲೇ. ಏಕವಚನದ ದ್ವಿತೀಯಾ, ಚತುರ್ಥಿ, ಷಷ್ಠಿ, ಬಹುವಚನದ ಪ್ರಥಮಾ, ಷಷ್ಠಿ ಎಲ್ಲಕ್ಕೂ ಅದೇ ರೂಪ. ಬೇರೆಯಾಗಿ ಕಾಣುವುದು ಬಹುವಚನದ ‘ರೀಗಾ’ (ದ್ವಿತೀಯಾ), ‘ರೀಗೈಬ್’ (ಚತುರ್ಥಿ) ಮಾತ್ರ. ‘ಅರಸನ, ಅರಸನಿಗೆ’ ಎಂದು ಕೊನೆಯಲ್ಲೇ ವಿಭಕ್ತಿ ಹುಡುಕುವ ನಮ್ಮ ರೂಢಿ ಅಲ್ಲಿ ನಡೆಯದು.

ಆಗ ಪದದ ಹಿಂದೆ ಮುಂದೆ ನೋಡಿ. ಮುಂಚೆ ಇಂಗ್ಲಿಷಿನ ‘ದ’ (the) ಥರದ ಪದದ ರೂಪವೊಂದು ಇರಬಹುದು. ಅದು ‘ಇನ್ನ’ ಆಗಿದ್ದರೆ ಷಷ್ಠಿ ಬಹುವಚನ. ‘ದೊಂದ್’ ಇದ್ದರೆ ‘ರಾಜನಿಗೆ’. ‘ಇಂದ್’ ಇದ್ದರೆ ‘ರಾಜನ’ ಅಥವಾ ‘ರಾಜರು’, ಕ್ರಿಯಾಪದ ನೋಡಿ ತೀರ್ಮಾನಿಸಿ. ಮುಂದಿನ ಪದ ಸ್ವರದಿಂದ ಶುರುವಾಗಿ ನಡುವೆ ‘ನ್’ ನುಸುಳಿದ್ದರೆ, ಅದು ಸವೆದುಹೋದ ಪ್ರತ್ಯಯದ ಉಳಿಕೆ: ‘ರೀಗ್ ನ್-ಏರೆನ್’, ಐರ್ಲೆಂಡಿನ ರಾಜರ (ಅಥವಾ ರಾಜನನ್ನು). ಇದೇ ಎರಡು ರೂಪಗಳ ಮುಂದಿನ ಪದ ಕ, ತ, ಪ ದಿಂದ ಶುರುವಾದರೆ ಅವನ್ನು ಗ, ದ, ಬ ಎಂದು ಓದಬೇಕು. ‘ಮಳೆಗಾಲ’, ‘ಬೆಟ್ಟದಾವರೆ’ಗಳ ಆದೇಶ ಸಂಧಿ ಬಲ್ಲವರಿಗೆ ಇದು ಸಲೀಸು, ಕಾರಣ ಮಾತ್ರ ಬೇರೆ. ಆದರೆ ಹಳೆ ಐರಿಷ್ ಬರವಣಿಗೆ ಈ ಬದಲಾವಣೆಯನ್ನು ತೋರಿಸುವುದಿಲ್ಲ; ಕ ಕ ಆಗಿಯೇ ನಿಂತಿರುತ್ತದೆ.

ಇನ್ನೊಂದು ಗುಂಡಿ: ಹಸ್ತಪ್ರತಿಗಳಲ್ಲಿ ದೀರ್ಘದ ಗೆರೆ ಎಷ್ಟೋ ಕಡೆ ಬಿಟ್ಟುಹೋಗಿರುತ್ತದೆ. ಆಗ ರಾಜ ‘ರಿ’ ಆಗಿಬಿಡುತ್ತಾನೆ, ಹಳೆ ಐರಿಷ್‌ನ ನಂತರದ ಹಂತವಾದ ಮಧ್ಯ ಐರಿಷ್‌ನಲ್ಲಿ ‘ರಿ’ ಅನ್ನುವ ಉಪಸರ್ಗವೂ (ನಾಮಪದದ ಮುಂಚೆ ಬರುವ ಬಿಡಿ ಪದ, ಇಂಗ್ಲಿಷಿನ ಪ್ರಿಪೊಸಿಷನ್) ಇದೆ. ಅದರ ಬೆನ್ನಿಗೆ ನಾಮಪದ ದ್ವಿತೀಯಾದಲ್ಲಿದ್ದರೆ ಉಪಸರ್ಗವೆಂದು ಶಂಕಿಸಿ.

ಅನುವಾದಕ್ಕೆ ‘ಚಕ್ರವರ್ತಿ’ ಬೇಡ. ‘ರೀ’ ಬಹುಪಾಲು ಒಂದು ಚಿಕ್ಕ ನಾಡಿನ, ‘ತೂಅಥ್’ನ ಒಡೆಯ. ಅವನ ಮೇಲೆ ‘ರುಇರಿ’, ಅದಕ್ಕೂ ಮೇಲೆ ‘ರೀ ರುಇರೆಖ್’. ಚಿತ್ರದುರ್ಗದವರಿಗೆ ‘ನಾಯಕ’ ಎನ್ನಲು ಮನಸ್ಸಾದೀತು. ಆದರೆ ದುರ್ಗದ ನಾಯಕರು ವಿಜಯನಗರದ ಅಧೀನರಾಗಿ ಬೆಳೆದವರು. ತೂಅಥ್‌ನ ರೀ ತನ್ನ ರಾಜಕುಲದೊಳಗಿಂದಲೇ ಬಂದವನು. ‘ಅರಸ’ ಎಂದು ಬರೆದು ದರ್ಜೆಯನ್ನು ಪಕ್ಕದಲ್ಲಿ ಹೇಳಿ.