ಮಲೇರಿಯಾ ಪರಾವಲಂಬಿಯ ಪ್ರೋಟೀನ್ ಜೋಡಿ ಹಿಡಿಯುವ ಬಗೆ

ಎಎಂಎ1 ಪ್ರೋಟೀನು ಪರಾವಲಂಬಿಯದೇ ಇನ್ನೊಂದು ಪ್ರೋಟೀನಾದ ಆರ್‌ಒಎನ್2ಕ್ಕೆ ಅಂಟಿಕೊಂಡೇ ಮಲೇರಿಯಾ ಪರಾವಲಂಬಿ ಪ್ಲಾಸ್ಮೋಡಿಯಂ ಕೆಂಪು ರಕ್ತಕಣಕ್ಕೆ ನುಗ್ಗುತ್ತದೆ. ಈ ಜೋಡಿ ಬೇಕಿದ್ದರೆ ಬಲಿತ ಸ್ಕಿಜಾಂಟ್ (ಕಣದೊಳಗೆ ಪರಾವಲಂಬಿ ಹಲವು ಮರಿಗಳಾಗಿ ಒಡೆಯುವ) ಹಂತದಲ್ಲೇ ಮಾದರಿ ತೆಗೆಯಿರಿ. ಕಲಬುರಗಿಯ ಮೇ ಬಿಸಿಲಲ್ಲಿ ಕರೆಂಟ್ ಹೋದರೆ ಕೆಲಸ ಕೆಟ್ಟಂತೆ; ಐಸ್ ಮೊದಲೇ ತುಂಬಿಡಿ.

ಸೋಂಕಿತ ರಕ್ತಕಣಗಳನ್ನು, ಅವುಗಳ ಪೊರೆ ಒಡೆಯುವ ಶೇ 0.1ರ ಸ್ಯಾಪೋನಿನ್‌ನಲ್ಲಿ 10 ನಿಮಿಷ ಐಸ್ ಮೇಲಿಟ್ಟು, ತಣ್ಣನೆಯ ಉಪ್ಪುದ್ರಾವಣ ಪಿಬಿಎಸ್‌ನಲ್ಲಿ ತೊಳೆಯಿರಿ. ಮೇಲಿನ ದ್ರವದ ಕೆಂಪು ಪೂರ್ತಿ ಹೋಗಿ, ತಳದಲ್ಲಿ ಪರಾವಲಂಬಿಗಳ ಕಂದುಗಪ್ಪು ಚರಟ ಉಳಿಯಬೇಕು. ಇಲ್ಲಿ ಅವಸರ ಬೇಡ: ಉಳಿದ ಹಿಮೋಗ್ಲೋಬಿನ್, ಮುಂದೆ ಪ್ರೋಟೀನು ಹಿಡಿಯಲು ಬಳಸುವ ಮಣಿಗಳಿಗೆ ಸುಮ್ಮಸುಮ್ಮನೆ ಮೆತ್ತಿಕೊಳ್ಳುತ್ತದೆ.

ಆಮೇಲೆ ಚರಟವನ್ನು ಕರಗಿಸಲು ಮೃದು ಡಿಟರ್ಜೆಂಟ್ ಆದ ಶೇ 1ರ ಟ್ರೈಟಾನ್ ಎಕ್ಸ್-100, ಜೊತೆಗೆ ಪ್ರೋಟಿಯೇಸ್ (ಪ್ರೋಟೀನು ಕತ್ತರಿಸುವ ಕಿಣ್ವ) ತಡೆಯುವ ಮಿಶ್ರಣ. ಎಸ್‌ಡಿಎಸ್ ಎಂಬ ಕಟು ಡಿಟರ್ಜೆಂಟ್ ಹಾಕಿದಿರೋ, ಜೋಡಿಯೇ ಬಿಚ್ಚಿಹೋಗುತ್ತದೆ. ಮೇಲಿನ ತಿಳಿದ್ರವವನ್ನು ಎಎಂಎ1 ಹಿಡಿಯುವ ಆಂಟಿಬಾಡಿ ಮೆತ್ತಿದ ಮಣಿಗಳೊಂದಿಗೆ 4 ಡಿಗ್ರಿಯಲ್ಲಿ ರಾತ್ರಿಯಿಡೀ ತಿರುಗಿಸಿ. ಪಕ್ಕದಲ್ಲೇ ಬರೀ ಐಜಿಜಿ (ಎಎಂಎ1 ಗುರುತಿಸದ ಸಾಮಾನ್ಯ ಆಂಟಿಬಾಡಿ) ಮಣಿಗಳ ಇನ್ನೊಂದು ನಳಿಕೆ ಇರಲಿ. ಕೊನೆಯ ಬ್ಲಾಟ್ ಪರೀಕ್ಷೆಯಲ್ಲಿ ಅದರಲ್ಲೂ ಅದೇ ಪ್ರೋಟೀನಿನ ಗೆರೆ ಕಂಡರೆ ಅದು ಜೋಡಿಯಲ್ಲ, ಬರೀ ಅಂಟು.