ಕರುವಿನ ಪಾಲು ಮೊದಲು: ಮಕ್ಕಳಿಗೆ ಕನಿಕರ ಕಲಿಸುವುದು ಹೇಗೆ?

ಮೂಡಿಗೆರೆ ಕಡೆಯ ಶಾಲೆಯಲ್ಲಿ ನಾನು ಪಾಠ ಹೇಳಲು ಆರಂಭಿಸಿದ ಮೊದಲ ವರ್ಷದ ಮಾತು. ಎರಡನೇ ತರಗತಿಯ ಹುಡುಗನೊಬ್ಬ ಏರೋಪ್ಲೇನ್ ಚಿಟ್ಟೆಯ ಬಾಲಕ್ಕೆ ದಾರ ಕಟ್ಟಿ ಅಂಗಳದಲ್ಲಿ ಹಾರಿಸುತ್ತಿದ್ದ. "ಬಿಡು ಅದನ್ನು, ಪಾಪ ಸುತ್ತಿಕೊಳ್ಳುತ್ತದೆ" ಎಂದು ಗದರಿದೆ. ಬಿಟ್ಟ. ಮಧ್ಯಾಹ್ನದ ಊಟದ ಹೊತ್ತಿಗೆ ಶಾಲೆಯ ಹಿಂದೆ ಅದೇ ದಾರ, ಇನ್ನೊಂದು ಚಿಟ್ಟೆ. ಈ ಸಲ ಗದರಲಿಲ್ಲ. ಅವನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, "ಅದರ ಕಾಲು ನೋಡು, ಏನು ಮಾಡುತ್ತಿದೆ?" ಎಂದೆ. ಚಿಟ್ಟೆ ಆರೂ ಕಾಲುಗಳನ್ನು ಮಡಚಿ ಬಿಚ್ಚಿ, ಹಿಡಿದುಕೊಳ್ಳಲು ಏನಾದರೂ ಸಿಗುತ್ತದೆಯೇ ಎಂದು ಗಾಳಿಯಲ್ಲಿ ತಡಕಾಡುತ್ತಿತ್ತು. ಹುಡುಗ ಬಹಳ ಹೊತ್ತು ನೋಡಿದ. "ಅದಕ್ಕೆ ಎಲ್ಲಾದರೂ ಕೂರಬೇಕಂತೆ ಟೀಚರ್" ಎಂದ. ಆಮೇಲೆ ನನ್ನ ಬಳೆಗೆ ಸಿಕ್ಕಿಸಿದ್ದ ಪಿನ್ನು ಕೇಳಿ ಪಡೆದು, ನಾಲಿಗೆ ಕಚ್ಚಿಕೊಂಡು, ಗಂಟು ಬಿಚ್ಚಿದ.

ಪಾಪದ ಭಯಕ್ಕೆ ಸಿಗದ ಮಗು ನೋಟಕ್ಕೆ ಸಿಕ್ಕಿತ್ತು. ಕನಿಕರವನ್ನು ಬಾಯಿಯಿಂದ ಹೇಳಿ ಕಲಿಸಲು ಆಗುವುದಿಲ್ಲ ಎಂಬುದು ನನಗೆ ಅಂದು ಹೊಳೆಯಿತು. ಮೊದಲು ಕಣ್ಣಿಗೆ ಅಭ್ಯಾಸವಾಗಬೇಕು, ನಂತರ ಕೈಗೆ ಕೆಲಸ ಸಿಗಬೇಕು. ಮನೆಯಲ್ಲಿ, ಶಾಲೆಯಲ್ಲಿ ಯಾರು ಬೇಕಾದರೂ ಮಾಡಬಹುದಾದ ಕೆಲವು ಕ್ರಮಗಳನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಮುಟ್ಟುವ ಮುನ್ನ ನೋಡುವುದು

ವಾರಕ್ಕೆರಡು ಸಲ ಐದು ನಿಮಿಷ ಮಗುವಿನೊಂದಿಗೆ ಜಗುಲಿಯ ಮೇಲೆ ಕುಳಿತುಕೊಳ್ಳಿ. ನಾಯಿ, ಬೆಕ್ಕು, ಕೊಟ್ಟಿಗೆಯ ಹಸು, ತಂತಿಯ ಮೇಲಿನ ಹಕ್ಕಿ, ಯಾವುದಾದರೂ ಒಂದನ್ನು ಆರಿಸಿಕೊಳ್ಳಿ. ಮುಟ್ಟಬಾರದು, ಕರೆಯಬಾರದು, ತಿಂಡಿ ಎಸೆಯಬಾರದು. ಮೂರೇ ಪ್ರಶ್ನೆ ಕೇಳಿ: ಏನು ಕಾಣಿಸುತ್ತಿದೆ? ಅದಕ್ಕೆ ಈಗ ಏನು ಬೇಕಾಗಿರಬಹುದು? ನಾವು ಏನು ಮಾಡಬಹುದು, ಅಥವಾ ಏನನ್ನು ಮಾಡದೆ ಇರಬಹುದು?

ಕೊಟ್ಟಿಗೆ ಇರುವ ಮನೆಯ ಮಕ್ಕಳಿಗೆ ಇದು ಸುಲಭ. ಹಸು ಮೆಲುಕು ಹಾಕುತ್ತಿದ್ದರೆ ನೆಮ್ಮದಿಯಾಗಿದೆ. ಮೆಲುಕು ನಿಲ್ಲಿಸಿ, ಕಿವಿ ಜೋತು ಬಿಟ್ಟು, ಬೇರೆ ದನಗಳಿಂದ ದೂರ ನಿಂತಿದ್ದರೆ ಮೈ ಸರಿಯಿಲ್ಲ. ನಾಯಿಯ ವಿಷಯದಲ್ಲಿ ನಾವು ದೊಡ್ಡವರೂ ತಪ್ಪುತ್ತೇವೆ. ಬಾಲ ಅಲ್ಲಾಡಿಸಿದ ಮಾತ್ರಕ್ಕೆ ನಾಯಿ ಸ್ನೇಹಕ್ಕೆ ಸಿದ್ಧವಾಗಿದೆ ಎಂದಲ್ಲ. ಬಾಲವನ್ನು ಕಾಲ ನಡುವೆ ಸೇರಿಸುವುದು, ನಿದ್ದೆಯ ಹೊತ್ತಲ್ಲದಿದ್ದರೂ ಆಕಳಿಸುವುದು, ಮೂತಿ ನೆಕ್ಕಿಕೊಳ್ಳುತ್ತಾ ಮುಖ ಪಕ್ಕಕ್ಕೆ ತಿರುಗಿಸುವುದು, ಇವೆಲ್ಲ "ನನ್ನನ್ನು ನನ್ನ ಪಾಡಿಗೆ ಬಿಡಿ" ಎನ್ನುವ ರೀತಿ. ಈ ಭಾಷೆ ಬಂದ ಮಗು ಕಚ್ಚಿಸಿಕೊಳ್ಳುವ ಸಂಭವವೂ ಕಡಿಮೆ. ಉಣ್ಣುವ, ಮಲಗಿರುವ, ಮರಿ ಹಾಕಿರುವ ನಾಯಿಯ ಹತ್ತಿರ ಹೋಗಬಾರದು ಎಂಬುದನ್ನು ಮಾತ್ರ ಚರ್ಚೆಯಿಲ್ಲದೆ ಹೇಳಿಕೊಡಿ.

ಎಷ್ಟನೇ ವಯಸ್ಸಿಗೆ ಇದೆಲ್ಲ ಅರ್ಥವಾಗುತ್ತದೆ ಎಂದು ತಾಯಂದಿರು ಕೇಳುತ್ತಾರೆ. 1997ರಲ್ಲಿ ಬೆಟ್ಟಿ ರೆಪಾಚೋಲಿ ಮತ್ತು ಆಲಿಸನ್ ಗಾಪ್ನಿಕ್ ಎಂಬ ಇಬ್ಬರು ಸಂಶೋಧಕಿಯರು ಪ್ರಕಟಿಸಿದ ಪ್ರಯೋಗವೊಂದಿದೆ. ಮಗುವಿನ ಎದುರು ಎರಡು ಬಟ್ಟಲು, ಒಂದರಲ್ಲಿ ಬಿಸ್ಕತ್ತು, ಇನ್ನೊಂದರಲ್ಲಿ ಹಸಿ ಬ್ರೊಕೊಲಿ. ದೊಡ್ಡವರೊಬ್ಬರು ಬಿಸ್ಕತ್ತು ತಿಂದು ಮುಖ ಕಿವುಚಿ, ಬ್ರೊಕೊಲಿ ತಿಂದು ಹಿಗ್ಗಿ, ನಂತರ "ನನಗೆ ಸ್ವಲ್ಪ ಕೊಡು" ಎಂದು ಕೈಚಾಚಿದರು. 14 ತಿಂಗಳ ಮಕ್ಕಳು ತಮಗಿಷ್ಟವಾದ ಬಿಸ್ಕತ್ತನ್ನೇ ಕೊಟ್ಟರು. 18 ತಿಂಗಳ ಹೆಚ್ಚಿನ ಮಕ್ಕಳು, ತಮಗೆ ಸೇರದಿದ್ದರೂ, ಬ್ರೊಕೊಲಿ ಕೊಟ್ಟರು. ಇನ್ನೂ ಸರಿಯಾಗಿ ಮಾತು ಬಾರದ ಮಗುವಿಗೆ "ನನಗೆ ಬೇಕಾದದ್ದೇ ಅವರಿಗೂ ಬೇಕೆಂದಿಲ್ಲ" ಎಂಬುದು ಗೊತ್ತು! ಚಾರ್ಮಾಡಿ ಘಾಟಿಯಲ್ಲಿ ಕಾರು ನಿಲ್ಲಿಸಿ ಕೋತಿಗಳಿಗೆ ಕುರುಕಲು ತಿಂಡಿ ಎಸೆಯುವ ದೊಡ್ಡವರು ಇದನ್ನು ಮರೆತಿರುತ್ತಾರೆ. ಕೊಡುವ ಸುಖ ನಮ್ಮದು. ರಸ್ತೆಗಿಳಿಯುವ ಅಭ್ಯಾಸ ಹಿಡಿದು ಚಕ್ರಕ್ಕೆ ಸಿಗುವುದು ಮರಿ ಹೊತ್ತ ತಾಯಿಕೋತಿ. ಮಗು ಜೊತೆಗಿದ್ದಾಗ ಗಾಜು ಇಳಿಸಬೇಡಿ, ಯಾಕೆ ಇಳಿಸಲಿಲ್ಲ ಎಂದು ಹೇಳಿ.

ಎರಡನೇ ಹೆಜ್ಜೆ: ದಿನದ ಒಂದು ಕೆಲಸ

"ಅಯ್ಯೋ ಪಾಪ" ಎನ್ನುವುದು ಆರಂಭವೇ ಹೊರತು ಅಲ್ಲಿಗೇ ನಿಲ್ಲಬಾರದು. ಮಗುವಿಗೆ ಚಿಕ್ಕದಾದ, ಆದರೆ ನಿತ್ಯದ ಹೊಣೆ ಕೊಡಿ. ಅರಸೀಕೆರೆ, ಕಡೂರು ಕಡೆ ಮಾರ್ಚ್ ಬಂದರೆ ನೀರಿಗೆ ಹಕ್ಕಿಗಳು ಪರದಾಡುತ್ತವೆ. ಅಗಲ ಬಾಯಿಯ ಮಣ್ಣಿನ ಬೋಗುಣಿಯನ್ನು ನೆರಳಲ್ಲಿಟ್ಟು, ಜೇನ್ನೊಣ ಮುಳುಗದಂತೆ ನಡುವೆ ಒಂದು ಕಲ್ಲಿಡಿ. ದಿನವೂ ನೀರು ಬದಲಿಸಿ, ತೆಂಗಿನ ನಾರಿನಿಂದ ಉಜ್ಜುವುದು ಮಗುವಿನ ಕೆಲಸ. ಮರೆತರೆ ನೀವು ಮಾಡಬೇಡಿ. ಕರೆದುಕೊಂಡು ಹೋಗಿ ಒಣಗಿದ ಬೋಗುಣಿ ತೋರಿಸಿ.

ನನ್ನ ಪಾಲಿಗೆ ಈ ಪಾಠ ಸಿಕ್ಕಿದ್ದು ಅಜ್ಜಿಯಿಂದ. ಮನೆಯಲ್ಲಿ ಹಸು ಕರು ಹಾಕಿದರೆ ನಮಗೆಲ್ಲ ಗಿಣ್ಣಿನ ಆಸೆ. ಏಲಕ್ಕಿ, ಬೆಲ್ಲ ಹಾಕಿ ಹಬೆಯಲ್ಲಿ ಬೇಯಿಸಿದ ಗಿಣ್ಣಿನ ವಾಸನೆಗೆ ಒಲೆಯ ಸುತ್ತಲೇ ಕೂರುತ್ತಿದ್ದೆವು. ಆದರೆ ಅಜ್ಜಿ ಪಾತ್ರೆ ಮುಟ್ಟುವ ಮುಂಚೆ ನಮ್ಮಲ್ಲೊಬ್ಬರನ್ನು ಕೊಟ್ಟಿಗೆಗೆ ಕಳಿಸುತ್ತಿದ್ದರು: "ಕರುವಿನ ಹೊಟ್ಟೆ ಮುಟ್ಟಿ ನೋಡಿ ಬಾ." ಒದ್ದೆ ಮೈಯ, ಇನ್ನೂ ಕಾಲು ನಿಲ್ಲದ ಆ ಕರುವಿನ ಪಕ್ಕೆ ಒಳಕ್ಕೆ ಸೇದಿದ್ದರೆ ಅಂದು ಗಿಣ್ಣು ಇಲ್ಲ. ತುಂಬಿದ್ದರೆ ಉಂಟು. ಕಾರಣ ತಿಳಿದದ್ದು ದೊಡ್ಡವಳಾದ ಮೇಲೆ. ರೋಗ ತಡೆಯುವ ಶಕ್ತಿ ಹಸುವಿನ ಗರ್ಭದಲ್ಲಿರುವಾಗ ಕರುವಿಗೆ ದಾಟುವುದಿಲ್ಲ, ಗಿಣ್ಣುಹಾಲಿನಿಂದಲೇ ಬರಬೇಕು. ಅದನ್ನು ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಹುಟ್ಟಿದ ಸುಮಾರು 24 ಗಂಟೆಯವರೆಗೆ ಮಾತ್ರ, ಅದೂ ಗಂಟೆಗಂಟೆಗೂ ಇಳಿಯುತ್ತದೆ. ಆದ್ದರಿಂದಲೇ ಮೊದಲ ಒಂದೆರಡು ಗಂಟೆಯಲ್ಲಿ ಕುಡಿಸಬೇಕು, 20 ಕೆ.ಜಿ. ತೂಕದ ಕರುವಿಗೆ ಮೊದಲ ದಿನ ಸುಮಾರು 2 ಲೀಟರ್ ಬೇಕು. ಅಜ್ಜಿಗೆ ಲೆಕ್ಕ ಗೊತ್ತಿರಲಿಲ್ಲ, ಕರುವಿನ ಪಕ್ಕೆ ಗೊತ್ತಿತ್ತು. ಹಸು ಕಟ್ಟಿರುವವರು ದಯವಿಟ್ಟು ಈ ಕೆಲಸವನ್ನು ಮಕ್ಕಳಿಗೆ ಕೊಡಿ. ತನ್ನ ನಾಲಿಗೆಯ ಆಸೆಯನ್ನು ಇನ್ನೊಂದು ಜೀವದ ಹಸಿವಿನ ನಂತರಕ್ಕೆ ಇಡುವುದನ್ನು ಮಗು ಅಲ್ಲಿ ಕೈಯಾರೆ ಕಲಿಯುತ್ತದೆ.

ಮೂರನೇ ಹೆಜ್ಜೆ: ತಪ್ಪು ಮಾಡಿದಾಗ

ಹೊಡೆಯಬೇಡಿ. "ಸಾರಿ ಹೇಳು" ಎಂದು ಒತ್ತಾಯಿಸಲೂ ಬೇಡಿ. ಆ ಪದ ಎಷ್ಟು ಸುಲಭವಾಗಿ ಬಾಯಿಗೆ ಬರುತ್ತದೆಂದರೆ ಎದೆಯವರೆಗೆ ಇಳಿಯುವುದೇ ಇಲ್ಲ. ಮಗುವಿನ ಕೃತ್ಯದಿಂದ ಇನ್ನೊಬ್ಬರಿಗೆ ಏನಾಯಿತು ಎಂಬುದನ್ನು ಅದರ ಕಣ್ಣ ಮುಂದೆ ತರುವುದೇ ಶಿಕ್ಷೆಗಿಂತ ಹೆಚ್ಚು ಕೆಲಸ ಮಾಡುತ್ತದೆ ಎಂದು ಮನೋವಿಜ್ಞಾನಿ ಮಾರ್ಟಿನ್ ಹಾಫ್‌ಮನ್ ದಶಕಗಳ ಅಧ್ಯಯನದಿಂದ ವಾದಿಸಿದ್ದಾರೆ. ಜುಲೈ ತಿಂಗಳ ಮಳೆಯಲ್ಲಿ ನನ್ನ ತರಗತಿಯ ಹುಡುಗನೊಬ್ಬ ಆಟಕ್ಕೆ ಗೆಳತಿಯ ಕೊಡೆಯನ್ನು ಒದ್ದು ಕಡ್ಡಿ ಮುರಿದ. ಅವನು ಶಾಂತನಾಗುವವರೆಗೆ ಕಾದು, "ಅವಳ ಮನೆ ಎಷ್ಟು ದೂರ? ಸಂಜೆ ಹೇಗೆ ಹೋಗುತ್ತಾಳೆ?" ಎಂದಷ್ಟೇ ಕೇಳಿದೆ. ಸಂಜೆ ತನ್ನ ಕೊಡೆಯಲ್ಲಿ ಅವಳನ್ನು ಮನೆಯವರೆಗೆ ಬಿಟ್ಟು ಬಂದ. ಕೊಡೆ ಅವಳ ಕಡೆಗೇ ವಾಲಿತ್ತಂತೆ, ಇವನ ಅರ್ಧ ಮೈ ತೊಯ್ದಿತ್ತು.

ಆದರೆ ಮಗು ಮತ್ತೆ ಮತ್ತೆ, ಮರೆಯಲ್ಲಿ, ಪ್ರಾಣಿಗಳನ್ನು ಹಿಂಸಿಸುತ್ತಿದ್ದರೆ ಅದನ್ನು ತುಂಟತನವೆಂದು ಬಿಡಬೇಡಿ. ಆ ಮಗುವಿಗೇ ಎಲ್ಲೋ ಪೆಟ್ಟು ಬೀಳುತ್ತಿರಬಹುದು. ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ, ಶಿಕ್ಷಕರೊಂದಿಗೆ ಮಾತನಾಡಿ. ಅಗತ್ಯವೆನಿಸಿದರೆ ಮಕ್ಕಳ ಸಹಾಯವಾಣಿ 1098 ಇದೆ.

ನಾಲ್ಕನೇ ಹೆಜ್ಜೆ: ಮನೆಯ ಏಕವಚನ

ಎಲ್ಲಕ್ಕಿಂತ ಕಷ್ಟದ್ದು ಇದು, ಏಕೆಂದರೆ ಇಲ್ಲಿ ತಿದ್ದಿಕೊಳ್ಳಬೇಕಾದವರು ನಾವು. ನಾಯಿಗೆ ಸ್ವೆಟರ್ ಹೊಲಿಸುವ ಮನೆಯ ಆರು ವರ್ಷದ ಮಗು, ಅರವತ್ತು ದಾಟಿದ ತೋಟದ ಕೆಲಸದವರನ್ನು "ಏ, ಬಾರೋ ಇಲ್ಲಿ" ಎಂದು ಕರೆಯುವುದನ್ನು ಕಿವಿಯಾರೆ ಕೇಳಿದ್ದೇನೆ. ಮಗು ಆ ಏಕವಚನವನ್ನು ಹೊಟ್ಟೆಯಲ್ಲಿದ್ದಾಗ ಕಲಿತದ್ದಲ್ಲ. ಯಾರಿಗೆ "ಬನ್ನಿ", ಯಾರಿಗೆ "ಬಾ" ಎಂಬುದರಲ್ಲಿ ಯಾರ ನೋವು ನೋವು, ಯಾರದ್ದು ಅಲ್ಲ ಎಂಬುದನ್ನೂ ನಮ್ಮ ಮಕ್ಕಳು ಕಲಿತುಬಿಡುತ್ತಾರೆ. ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಕೆಲಸದವರಿಗೆಂದು ಬೇರೆ ಲೋಟ ಇಟ್ಟಿರುವ ಮನೆಯಲ್ಲಿ ಕರುಣೆಯ ಯಾವ ಕಥೆ ಹೇಳಿದರೂ ಮಗು ನಂಬುವುದು ಲೋಟವನ್ನೇ. ಆ ಲೋಟವನ್ನು ಇಂದೇ ಒಳಗೆ ತನ್ನಿ. ವಯಸ್ಸಿನಲ್ಲಿ ಹಿರಿಯರಾದ ಎಲ್ಲರನ್ನೂ ಅಣ್ಣ, ಅಕ್ಕ, ಮಾಮ, ಅಜ್ಜ ಎಂದು ಸೇರಿಸಿ, ಬಹುವಚನದಲ್ಲಿ ಕರೆಯಲು ಕಲಿಸಿ. ಅದಕ್ಕೂ ಮೊದಲು ನೀವು ಹಾಗೆ ಕರೆಯಿರಿ.

ಶ್ರವಣಬೆಳಗೊಳಕ್ಕೆ ಮಕ್ಕಳನ್ನು ಕರೆದೊಯ್ದಾಗ ನಾನು ಎರಡು ಕಡೆ ಹೆಚ್ಚು ಹೊತ್ತು ನಿಲ್ಲಿಸುತ್ತೇನೆ. ಒಂದು, ಬಾಹುಬಲಿಯ ಕಾಲ ಬಳಿಯ ಹುತ್ತ, ಅದರಿಂದ ಹೊರಬಂದ ಹಾವುಗಳು, ತೊಡೆಗೆ ಹಬ್ಬಿದ ಬಳ್ಳಿ. ಇನ್ನೊಂದು, ಎದುರಿಗಿರುವ ಗುಳ್ಳಕಾಯಜ್ಜಿಯ ಮೂರ್ತಿ. ಬಾಹುಬಲಿಯ ಮೂರ್ತಿ ಮಾಡಿಸಿದ ಚಾವುಂಡರಾಯ ಕೊಡಗಟ್ಟಲೆ ಹಾಲೆರೆದರೂ ಪಾದ ಮುಟ್ಟದ ಅಭಿಷೇಕ, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಮುದುಕಿಯ ಗುಳ್ಳಕಾಯಿಯಷ್ಟು ಹಾಲಿನಿಂದ ಪೂರ್ತಿಯಾಯಿತು ಎಂಬ ಕಥೆ ಮಕ್ಕಳಿಗೆ ಬಹಳ ಹಿಡಿಸುತ್ತದೆ. "ನಮ್ಮ ಊರಿನಲ್ಲಿ ಯಾರನ್ನು ನಾವು ನೋಡುವುದೇ ಇಲ್ಲ?" ಎಂದು ಅಲ್ಲೇ ಕೇಳಿ. ಉತ್ತರಗಳು ನಿಮ್ಮನ್ನು ನಾಚಿಸಬಹುದು.

ಐದನೇ ಹೆಜ್ಜೆ: ಎರಡೂ ಕಡೆಯ ಕಥೆ

ಸಕಲೇಶಪುರ, ಆಲೂರು, ಬೇಲೂರು ಭಾಗದ ಶಿಕ್ಷಕರಿಗೆ ಈ ಮಾತು. ಮೈಸೂರು ದಸರಾದಲ್ಲಿ ಎಂಟು ಸಲ ಅಂಬಾರಿ ಹೊತ್ತ ಆನೆ ಅರ್ಜುನ, 2023ರ ಡಿಸೆಂಬರ್ 4ರಂದು ಯಸಳೂರು ಬಳಿ ಕಾಡಾನೆ ಕಾರ್ಯಾಚರಣೆಯಲ್ಲಿ ಕಾದಾಡಿ ಸತ್ತಾಗ ನಾಡೆಲ್ಲ ಅತ್ತಿತು. ಅದೇ ಭಾಗದಲ್ಲಿ ಆನೆ ತುಳಿತಕ್ಕೆ ಮನೆಯವರನ್ನು ಕಳೆದುಕೊಂಡ ಮಕ್ಕಳೂ ಇದ್ದಾರೆ. ಅಂಥ ಮಗುವಿಗೆ ಪ್ರಾಣಿದಯೆಯ ಉಪದೇಶ ಮಾಡಬೇಡಿ. ಅದರ ಭಯ, ಸಿಟ್ಟು ಎರಡನ್ನೂ ಮೊದಲು ಕೇಳಿಸಿಕೊಳ್ಳಿ. ಉಳಿದ ಮಕ್ಕಳಿಗೆ ಒಂದೇ ರಾತ್ರಿಯ ಕಥೆಯನ್ನು ಎರಡು ಸಲ ಬರೆಯಲು ಹೇಳಿ. ಒಮ್ಮೆ, ಕಟಾವಿಗೆ ಬಂದ ಭತ್ತ ಬೆಳಗಾಗುವುದರೊಳಗೆ ನೆಲಸಮವಾದ ರೈತನಾಗಿ. ಇನ್ನೊಮ್ಮೆ, ಮರಿಯನ್ನು ಕಾಲ ನಡುವೆ ಇಟ್ಟುಕೊಂಡು ಪಟಾಕಿಯ ಸದ್ದಿಗೆ ದಾರಿ ತಪ್ಪಿದ ತಾಯಿಯಾನೆಯಾಗಿ. ಯಾವುದು ಸರಿ ಎಂದು ತೀರ್ಪು ಕೊಡಬೇಡಿ.

ಜೊತೆಗೆ ಇವಿಷ್ಟು ಗೊತ್ತಿರಲಿ

ನೆಲದಲ್ಲಿ ಕುಪ್ಪಳಿಸುವ, ಪುಕ್ಕ ಬಂದ ಹಕ್ಕಿಮರಿ ಸಾಮಾನ್ಯವಾಗಿ ಅನಾಥವಲ್ಲ, ಹಾರಲು ಕಲಿಯುತ್ತಿರುತ್ತದೆ. ಬೆಕ್ಕು ಸುಳಿದಾಡುತ್ತಿದ್ದರೆ ಹತ್ತಿರದ ಕೊಂಬೆಗೆ ಏರಿಸಿ ದೂರ ಬನ್ನಿ. ಎಂಟು ವಾರ ತುಂಬದ ನಾಯಿಮರಿಯನ್ನು ತಾಯಿಯಿಂದ ಅಗಲಿಸಬೇಡಿ. ಜಾನುವಾರು ಕಾಯಿಲೆ ಬಿದ್ದರೆ ಪಶುವೈದ್ಯ ಸಂಚಾರಿ ವಾಹನಕ್ಕೆ 1962ಕ್ಕೆ ಕರೆ ಮಾಡಬಹುದು. ನಾಯಿ, ಬೆಕ್ಕು ಕಚ್ಚಿದರೆ, ಪರಚಿದರೂ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. "ಕಚ್ಚಿದರೆ ಬಂದು ಹೇಳು, ಬೈಯುವುದಿಲ್ಲ" ಎಂದು ಮಗುವಿಗೆ ಮುಂಚೆಯೇ ಮಾತು ಕೊಡಿ. ಬೈಗುಳಕ್ಕೆ ಹೆದರಿ ಗಾಯ ಮುಚ್ಚಿಟ್ಟರೆ ಪ್ರಾಣಕ್ಕೇ ಅಪಾಯ.

ಕಾಫಿ ಕೊಯ್ಲಿನ ಸಮಯದಲ್ಲಿ ಅಸ್ಸಾಮಿನಿಂದ ಬಂದ ಕುಟುಂಬಗಳು ಲೈನ್ ಮನೆಗಳಲ್ಲಿ ಇಳಿಯುತ್ತವೆ, ಅವರ ಮಕ್ಕಳು ನಡುವರ್ಷದಲ್ಲಿ ನಮ್ಮ ತರಗತಿಗೆ ಬರುತ್ತಾರೆ. ಹಾಗೆ ಬಂದ ಹುಡುಗಿಯೊಬ್ಬಳು ವಾರಗಟ್ಟಲೆ ಬಾಯಿ ಬಿಡಲಿಲ್ಲ. ಅವಳಿಗೆ ಹಳೆಯ ಬಟ್ಟೆ ತರಲು ಹೊರಟಿದ್ದ ಮಕ್ಕಳಿಗೆ, "ಮೊದಲು ಅವಳಿಂದ ಏನಾದರೂ ಕಲಿಯಿರಿ" ಎಂದೆ. ಒಬ್ಬಳು ಶಾಲೆಯ ಬೆಕ್ಕನ್ನು ತೋರಿಸಿ, ನಿಮ್ಮಲ್ಲಿ ಇದಕ್ಕೆ ಏನೆನ್ನುತ್ತೀರಿ ಎಂದು ಸನ್ನೆಯಲ್ಲೇ ಕೇಳಿದಳು. "ಮೇಕುರಿ" ಎಂದಳು ಹುಡುಗಿ. ಮೇಕೆಯೂ ಹೌದು, ಕುರಿಯೂ ಹೌದು ಎಂಬಂತಿದ್ದ ಆ ಹೆಸರಿಗೆ ತರಗತಿಯೆಲ್ಲ ನಕ್ಕಿತು. ನಕ್ಕದ್ದೇಕೆ ಎಂದು ಮೇಕೆ, ಕುರಿ ಎರಡರ ಚಿತ್ರವನ್ನೂ ಬೋರ್ಡಿನ ಮೇಲೆ ಬರೆದು ತೋರಿಸಿದಾಗ ಅವಳೂ ನಕ್ಕಳು. ಮರುದಿನದಿಂದ ಬೆಕ್ಕಿನ ಹೆಸರು ಮೇಕುರಿ. ಅದಕ್ಕೆ ಹಾಲಿಡುವ ಸರದಿಯ ಪಟ್ಟಿಯಲ್ಲಿ ಮೊದಲ ಹೆಸರು ಆ ಹುಡುಗಿಯದು, ಬರೆದವರು ಮಕ್ಕಳು.