ಅಜ್ಜಿಯ ಬಾಯಿಗೂ ಶಿಶುವಿಹಾರದ ಬಾಯಿಗೂ ಒಗ್ಗುವ ಹೆಸರು

ಜರ್ಮನಿಯಲ್ಲಿ ಹೆರಿಗೆಯಾದರೆ ಹೆಸರು ಕೇಳುವ ಫಾರಂ ನಾಮಕರಣಕ್ಕಿಂತ ಮೊದಲೇ ಬರುತ್ತದೆ. ಮಗು ಹುಟ್ಟಿದ ಸುದ್ದಿ ಒಂದು ವಾರದೊಳಗೆ ಶ್ಟಾಂಡೆಸ್‌ಆಮ್ಟ್‌ಗೆ, ಅಂದರೆ ಜನನ, ಮದುವೆ, ಮರಣ ದಾಖಲಿಸುವ ಕಚೇರಿಗೆ ಮುಟ್ಟಬೇಕು. ಹಾಗಾಗಿ ಬಾಣಂತಿ ಸರಿಯಾಗಿ ಎದ್ದು ಕೂರುವ ಮೊದಲೇ ಹಾಸಿಗೆಯ ಪಕ್ಕಕ್ಕೆ ಫಾರಂ ಬಂದಿರುತ್ತದೆ. ಊರಿನಿಂದ ನಕ್ಷತ್ರದ ಅಕ್ಷರ ಇನ್ನೂ ಬಂದಿಲ್ಲ ಎಂಬ ಗಾಬರಿಯಲ್ಲಿ ಏನಾದರೂ ಬರೆದುಬಿಡಬೇಡಿ. ಹೆಸರು ಆಮೇಲೆ ಕೊಡುತ್ತೇವೆ ಎಂದು ಹೇಳಿದರೆ ಕಾನೂನು ಒಂದು ತಿಂಗಳ ಅವಕಾಶ ಕೊಡುತ್ತದೆ. ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕಿ, ಕಿವಿಯಲ್ಲಿ ಹೆಸರು ಹೇಳಿ, ಆಮೇಲೆ ಬರೆಯಬಹುದು. ಅಲ್ಲಿಯವರೆಗೆ ಜನನ ಪತ್ರ ತಡವಾಗುತ್ತದೆ, ಅದನ್ನು ನಂಬಿಕೊಂಡ ಅರ್ಜಿಗಳೂ ತಡವಾಗುತ್ತವೆ, ಅಷ್ಟೆ. ಒಮ್ಮೆ ದಾಖಲಾದ ಹೆಸರನ್ನು ಬದಲಿಸಲು ಮಾತ್ರ ಬಲವಾದ ಕಾರಣ ತೋರಿಸಬೇಕು. ಮನೆಯವರಿಗೆ ಆಮೇಲೆ ಬೇರೆ ಹೆಸರು ಹಿಡಿಸಿತು ಎಂಬುದು ಅಲ್ಲಿ ಕಾರಣವಾಗುವುದಿಲ್ಲ.

ಪೂರಾ ಜರ್ಮನ್ ಹೆಸರೇ ಬೇಕು ಎನ್ನುವವರು ಅದನ್ನು ಮೊದಲು ಅಜ್ಜಿಯ ಬಾಯಲ್ಲಿ ಹೇಳಿಸಿ ನೋಡಿ. ಎಮ್ಮಾ ಇಲ್ಲಿ ವರ್ಷಗಳಿಂದ ಮೆಚ್ಚಿನ ಹೆಸರು. ಊರಿನಲ್ಲಿ ಕೂಗಿದರೆ ಎಮ್ಮೆ ಎಂದೇ ಕೇಳಿಸುತ್ತದೆ. ನೋಆ ಎಂಬ ಹೆಸರು ನಮ್ಮ ಬಾಯಲ್ಲಿ ನೋವಾಗುತ್ತದೆ. ಆನ್ನಾ ಎಂದು ಹೆಣ್ಣುಮಗುವಿಗೆ ಇಟ್ಟರೆ ಇಂಗ್ಲಿಷ್ ಅಕ್ಷರ ನೋಡಿದ ಊರಿನವರು ಅಣ್ಣ ಎಂದು ಓದುತ್ತಾರೆ. ಹಾನ್ನಾ ಎಂದರೆ, ಹಕಾರ ಬಿಟ್ಟು ಮಾತಾಡುವ ಕಡೆ, ಅನ್ನ. ಯೋನಾಸ್, ಯಾನ್ ಇವು ಭಾರತದಲ್ಲಿ ಜೋನಸ್, ಜಾನ್ ಆಗಿ ಮಗುವಿಗೆ ಎರಡು ಹೆಸರಾಗುತ್ತವೆ. ಸ್ವರದ ಮೇಲೆ ಎರಡು ಚುಕ್ಕಿ ಇರುವ ಹೆಸರು ಬೇಡವೇ ಬೇಡ. ಭಾರತದ ಪಾಸ್‌ಪೋರ್ಟಿನಲ್ಲಿ ಆ ಚುಕ್ಕಿಗೆ ಜಾಗವಿಲ್ಲ, ಎರಡು ದೇಶದ ಕಾಗದದಲ್ಲಿ ಎರಡು ಕಾಗುಣಿತವಾಗುತ್ತದೆ.

ಕನ್ನಡದ ಹೆಸರು ಇಡುವವರು ಕಾಗುಣಿತದಲ್ಲೇ ಎಡವುತ್ತಾರೆ. ನಾವು ಇಂಗ್ಲಿಷಿನ ಲೆಕ್ಕದಲ್ಲಿ ಬರೆಯುತ್ತೇವೆ, ಅವರು ಜರ್ಮನಿನ ಲೆಕ್ಕದಲ್ಲಿ ಓದುತ್ತಾರೆ. ಎರಡು ‘ಇ’ ಹಾಕಿದ ದೀಪಾ ‘ಡೇಪಾ’ ಆಗುತ್ತಾಳೆ. ಒಂದೇ ‘ಐ’ ಹಾಕಿದರೆ ದೀಪಾಳ ಹತ್ತಿರ ಬರುತ್ತದೆ. ಎರಡು ‘ಓ’ ಹಾಕಿದ ಪೂಜಾ ‘ಪೋಯಾ’. ‘ಯು’ ಹಾಕಿದರೂ ‘ಪೂಯಾ’, ಏಕೆಂದರೆ ‘ಜೆ’ ಅಕ್ಷರ ಅವರಿಗೆ ಯಕಾರ. ಜಯ, ಜಾನಕಿ, ಸುಜಾತಾ ಎಲ್ಲವೂ ಹೀಗೇ. ‘ವಿ’ಯಿಂದ ಶುರುವಾಗುವ ವಿದ್ಯಾ ‘ಫಿಡ್ಯಾ’ ಆಗುವುದುಂಟು, ಧ್ರುವ್ ಕೊನೆಯಲ್ಲಿ ‘ಫ್’ ಆಗುತ್ತಾನೆ, ಆನಂದ್ ‘ಆನಂಟ್’. ಸ್ವರಕ್ಕೆ ಮೊದಲು ಬರುವ ಸಕಾರ ಜರ್ಮನಿಯ ಉತ್ತರದ ಕಡೆ ಇಂಗ್ಲಿಷಿನ ‘ಝಡ್’ ಆಗುವುದರಿಂದ ಸೀತಾ ‘ಜ಼ೀಟಾ’. ಚಕಾರದ ಪಾಡು ಇನ್ನೂ ಕಷ್ಟ: ಚೀನಾ ದೇಶವನ್ನೇ ದಕ್ಷಿಣದಲ್ಲಿ ಕೀನಾ, ಉತ್ತರದಲ್ಲಿ ಹೆಚ್ಚುಕಡಿಮೆ ಶೀನಾ ಎನ್ನುತ್ತಾರೆ, ಚಿನ್ಮಯಿಗೂ ಅದೇ ಆಗುತ್ತದೆ. ಫಾರಂ ತುಂಬುವ ಮೊದಲು ಹೆಸರನ್ನು ಚೀಟಿಯಲ್ಲಿ ಬರೆದು, ನೀವು ಉಚ್ಚರಿಸದೆ, ಮನೆಗೆ ಬರುವ ಹೆಬಾಮೆಯ (ನಮ್ಮ ಸೂಲಗಿತ್ತಿಯ) ಕೈಗೆ ಕೊಟ್ಟು ಓದಿಸಿ. ಇದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ.

ಅರ್ಥವನ್ನೂ ನೋಡಬೇಕು. ಆರ್ಷ್ ಎಂಬುದು ಜರ್ಮನಿನಲ್ಲಿ ಅಂಡನ್ನು ಹೇಳುವ ಒರಟು ಮಾತು. ಆ ಹೆಸರಿಟ್ಟರೆ ಶಾಲೆಯಲ್ಲಿ ಮಗು ಅತ್ತು ಬರುತ್ತದೆ. ಉಮಾ ಎಂಬುದು ‘ಓಮಾ’ಕ್ಕೆ, ಅಂದರೆ ಅಜ್ಜಿಗೆ, ತೀರ ಹತ್ತಿರ. ಲೀಲಾ ಎಂದರೆ ನೇರಳೆ ಬಣ್ಣ, ಅದರಿಂದ ತೊಂದರೆಯಿಲ್ಲ. ಮೀರಾ, ಮಾಯಾ, ತಾರಾ, ಅನಿಕಾ, ಮಿಲನ್ ಎರಡೂ ಕಡೆ ಸಲೀಸು. ಕಿರಣ್ ಎಂಬ ಹೆಸರಿಗಂತೂ ಇಲ್ಲಿ ಚರಿತ್ರೆಯೇ ಇದೆ: ಹೆಣ್ಣುಮಗುವಿಗೆ ಅದೊಂದೇ ಹೆಸರು ಸಾಲದು, ಹೆಣ್ಣೆಂದು ತಿಳಿಯುವ ಇನ್ನೊಂದು ಬೇಕು ಎಂದು ಕಚೇರಿ ಹಟ ಹಿಡಿದಾಗ, 2008ರ ಡಿಸೆಂಬರಿನಲ್ಲಿ ಸಂವಿಧಾನ ನ್ಯಾಯಾಲಯ ತಂದೆತಾಯಿಯ ಪರ ತೀರ್ಪು ಕೊಟ್ಟಿತು. ಅಧಿಕಾರಿಗೆ ನಿಮ್ಮ ಹೆಸರಿನ ಬಗ್ಗೆ ಅನುಮಾನ ಬಂದರೆ ವೀಸ್‌ಬಾಡೆನ್‌ನ ಜರ್ಮನ್ ಭಾಷಾ ಸಂಘದಿಂದ ಶುಲ್ಕ ಕೊಟ್ಟು ಪ್ರಮಾಣಪತ್ರ ತರಿಸಬಹುದು.

ಇನ್ನು ಅಪ್ಪನ ಹೆಸರು. ಜರ್ಮನ್ ಕಾಗದದಲ್ಲಿ ಇರುವುದು ಫೋರ್‌ನಾಮೆ (ಇಟ್ಟ ಹೆಸರು), ಫಮೀಲಿಯೆನ್‌ನಾಮೆ (ಸರ್‌ನೇಮ್) ಎರಡೇ. ನಡುವೆ ಅಪ್ಪನ ಹೆಸರಿಗೆ ಮನೆಯಿಲ್ಲ. ಅನನ್ಯಾ ಮಂಜುನಾಥ್ ಎಂದು ಫೋರ್‌ನಾಮೆಯ ಜಾಗದಲ್ಲಿ ಬರೆದರೆ ಮಂಜುನಾಥ್ ಕೂಡ ಹುಡುಗಿಯದೇ ಹೆಸರಾಗುತ್ತದೆ. ಅಪ್ಪ, ಅಮ್ಮನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇದ್ದರೆ ಗಂಟು ಇನ್ನೂ ಬಿಗಿ. ಸಾಧ್ಯವಾದರೆ ಹೆರಿಗೆಗೆ ಮೊದಲೇ ಪಾಸ್‌ಪೋರ್ಟ್ ಸರಿಮಾಡಿಸಿಕೊಳ್ಳಿ. 2025ರ ಮೇ 1ರಿಂದ ಹೆಸರಿಗೆ ವಾಸವಿರುವ ದೇಶದ ಕಾನೂನು ಅನ್ವಯಿಸುತ್ತದೆ, ಬೇಕಾದವರು ತಮ್ಮ ಪೌರತ್ವದ ದೇಶದ ಕಾನೂನನ್ನು ಆರಿಸಿಕೊಳ್ಳಬಹುದು. ಅಪ್ಪನ ಹೆಸರನ್ನೇ ಸರ್‌ನೇಮ್ ಮಾಡಬೇಕೆನ್ನುವವರು ಇದನ್ನು ಕಚೇರಿಯಲ್ಲಿ ಬಾಯಿಬಿಟ್ಟು ಕೇಳಬೇಕು. ನಮ್ಮ ಸಲಹೆ: ಕರೆಯುವ ಹೆಸರು ಮೊದಲು, ಅಜ್ಜ ಅಜ್ಜಿಯ ಅಥವಾ ಮನೆದೇವರ ಹೆಸರು ಎರಡನೆಯ ಫೋರ್‌ನಾಮೆಯಾಗಿ, ನಡುವೆ ಅಡ್ಡಗೆರೆ ಇಲ್ಲದೆ. ಗೆರೆ ಹಾಕಿದರೆ ಎರಡೂ ಸೇರಿ ಒಂದೇ ಹೆಸರಾಗಿ ಎಲ್ಲ ಕಡೆ ಪೂರ್ತಿ ಬರೆಯಬೇಕಾಗುತ್ತದೆ.

ಅಪ್ಪ, ಅಮ್ಮ, ಮಗು ಮೂವರಿಗೂ ಬೇರೆ ಬೇರೆ ಸರ್‌ನೇಮ್ ಆದರೆ ಮೂರನ್ನೂ ಅಂಚೆ ಡಬ್ಬದ ಮೇಲೆ ಅಂಟಿಸಿ. ಮಗುವಿನ ತೆರಿಗೆ ಸಂಖ್ಯೆ ಮಗುವಿನ ಹೆಸರಿಗೇ ಅಂಚೆಯಲ್ಲಿ ಬರುತ್ತದೆ. ಡಬ್ಬದ ಮೇಲೆ ಹೆಸರಿಲ್ಲದಿದ್ದರೆ ಪತ್ರ ಹಿಂದಕ್ಕೆ ಹೋಗುತ್ತದೆ. ಉಳಿದ ಕಾಗದ: ನಿಮ್ಮ ಜನನ ಪತ್ರ, ಮದುವೆ ಪತ್ರ, ಜರ್ಮನ್ ಅನುವಾದ, ಭಾರತೀಯ ಪೌರತ್ವ ಬೇಕಿದ್ದರೆ ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ನೋಂದಣಿ.

ನಮ್ಮ ಇನಿಷಿಯಲ್‌ನಲ್ಲಿ ಒಂದು ಅಕ್ಷರ ಊರಿನದು, ಒಂದು ಅಪ್ಪನದು. ಎರಡು ಚುಕ್ಕಿಯಲ್ಲಿ ಯಾರ ಮನೆಯವರೆಂದು ಗೊತ್ತಾಗುತ್ತಿತ್ತು. ಅದು ಇಲ್ಲಿ ಹುಟ್ಟಿದ ಮಕ್ಕಳಿಗೆ ದಕ್ಕುವುದಿಲ್ಲ, ಆ ನಷ್ಟಕ್ಕೆ ಯಾವ ಫಾರಂನಲ್ಲೂ ಪರಿಹಾರವಿಲ್ಲ. ಉಚ್ಚಾರವನ್ನಾದರೂ ಉಳಿಸಿಕೊಡಬೇಕು. ಕಿಟಾದಲ್ಲಿ, ಅಂದರೆ ಶಿಶುವಿಹಾರದಲ್ಲಿ, ಪ್ರತಿ ಮಗುವಿಗೂ ಕೋಟು ನೇತುಹಾಕಲು ಒಂದು ಗೂಟ, ಅದರ ಮೇಲೆ ಒಂದು ಚಿತ್ರ, ಹೆಸರಿನ ಚೀಟಿ, ಕೆಳಗೆ ರಬ್ಬರ್ ಬೂಟು. ಸೇರಿಸಿದ ಮೊದಲ ವಾರ ನೀವೂ ಮಗುವಿನ ಜೊತೆ ಅಲ್ಲೇ ಕೂರುತ್ತೀರಿ. ಆಗಲೇ ಟೀಚರಿಗೆ ಹೆಸರನ್ನು ನಿಧಾನವಾಗಿ ಮೂರು ಸಲ ಹೇಳಿಕೊಡಿ. ಸಂಕೋಚಪಟ್ಟು ಸುಮ್ಮನಿದ್ದರೆ ಆರು ತಿಂಗಳಲ್ಲಿ ಮಗುವೇ ತನ್ನ ಹೆಸರನ್ನು ಅವರ ಹಾಗೆ ಹೇಳಲು ಶುರುಮಾಡುತ್ತದೆ. ಗೂಟದ ಚೀಟಿಗೆ ಹೆಸರನ್ನು ಕನ್ನಡ ಅಕ್ಷರದಲ್ಲೂ ಬರೆದು ಕೊಡಿ.